ಡಚ್ ರಾಜಮನೆತನದ ವಂಶವೃಕ್ಷವನ್ನು ಬರೆಯುವ ಬಗೆ

ವಂಶಾವಳಿ ಬರೆಯಲು ಕೂತವರು ಸಾಮಾನ್ಯವಾಗಿ ಮೂಲಪುರುಷನ ಹೆಸರನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದು, ಅಲ್ಲಿಂದ ಕೆಳಕ್ಕೆ ಗೆರೆ ಎಳೆಯುತ್ತಾ ಹೋಗುತ್ತಾರೆ. ನೆದರ್ಲೆಂಡ್ಸ್‌ನ ಆರೆಂಜ್-ನಸ್ಸೌ ಮನೆತನದ ವಿಷಯದಲ್ಲಿ ಈ ಕ್ರಮ ಬಹುಬೇಗ ಕೈಕೊಡುತ್ತದೆ. ವಿಲ್ಲೆಮ್ ಎಂಬ ಒಂದೇ ಹೆಸರು ಎರಡು ಬೇರೆ ಬೇರೆ ಎಣಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಗಂಡುಸಂತತಿಯ ಎಳೆ 1702ರಲ್ಲಿ ಒಮ್ಮೆ ಮತ್ತು 1890ರಲ್ಲಿ ಇನ್ನೊಮ್ಮೆ ಕಡಿದುಹೋಗುತ್ತದೆ, ಆಮೇಲೆ ಮೂರು ತಲೆಮಾರುಗಳ ಕಾಲ ಹೆಣ್ಣುಮಕ್ಕಳೇ ಆಳುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಉತ್ತರಾಧಿಕಾರದ ಸಾಲಿನೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಅಲ್ಲಿನ ಸಂವಿಧಾನವು ಈಗ ಸಿಂಹಾಸನದ ಮೇಲಿರುವವರಿಂದ ಅಳೆಯುತ್ತದೆ. ಸಿಂಹಾಸನಕ್ಕೆ ಹೊಸಬರು ಬಂದರೆ ಅಳತೆಯ ಕೋಲು ಅವರ ಬಳಿಗೆ ಸರಿಯುತ್ತದೆ. ಆದ್ದರಿಂದ ಈ ಮರವನ್ನು ನಡುವಿನಿಂದ ಬರೆಯಲು ತೊಡಗಬೇಕು. ಅದರ ಒಂದು ಭಾಗವನ್ನಾದರೂ ಪೆನ್ಸಿಲಿನಲ್ಲೇ ಬರೆಯಬೇಕು.

ದೊಡ್ಡದೊಂದು ಡ್ರಾಯಿಂಗ್ ಹಾಳೆಯನ್ನು ಅಡ್ಡಲಾಗಿ ಹರಡಿಕೊಳ್ಳಿ. ಹೆಸರುಗಳಿಗೂ ಹುಟ್ಟಿದ ದಿನಗಳಿಗೂ ಪೆನ್ನು, ಸಂಬಂಧದ ಅಂಕೆಗಳಿಗೆ ಪೆನ್ಸಿಲು, ಹಕ್ಕು ಕಳೆದುಕೊಂಡವರನ್ನು ಗುರುತಿಸಲು ಕೆಂಪು ಪೆನ್ನು ಇದ್ದರೆ ಸಾಕು.

ನಡುವಿನ ಮನೆ

ಹಾಳೆಯ ಮಧ್ಯದಲ್ಲಿ ವಿಲ್ಲೆಮ್-ಅಲೆಕ್ಸಾಂಡರ್ ಎಂದು ಬರೆಯಿರಿ. ಹುಟ್ಟಿದ್ದು 27 ಏಪ್ರಿಲ್ 1967. ತಾಯಿ ಬಿಯಾಟ್ರಿಕ್ಸ್ ಪದತ್ಯಾಗ ಮಾಡಿದ 30 ಏಪ್ರಿಲ್ 2013ರಂದು ರಾಜರಾದರು. ಅವರ ಪಕ್ಕದಲ್ಲಿ ಪತ್ನಿ ಮಾಕ್ಸಿಮಾ ಬರಬೇಕು. ಬ್ಯೂನಸ್ ಐರಿಸ್‌ನಲ್ಲಿ 1971ರಲ್ಲಿ ಹುಟ್ಟಿದ ಇವರನ್ನು ರಾಜಕುಮಾರರು ಮದುವೆಯಾದದ್ದು 2 ಫೆಬ್ರುವರಿ 2002ರಂದು. ಕೆಳಗೆ ಮೂವರು ಹೆಣ್ಣುಮಕ್ಕಳು: ಡಿಸೆಂಬರ್ 2003ರಲ್ಲಿ ಹುಟ್ಟಿದ ಕತರಿನಾ-ಅಮಾಲಿಯಾ, ಜೂನ್ 2005ರಲ್ಲಿ ಹುಟ್ಟಿದ ಅಲೆಕ್ಸಿಯಾ, ಏಪ್ರಿಲ್ 2007ರಲ್ಲಿ ಹುಟ್ಟಿದ ಅರಿಯಾನೆ.

ಇವರ ಮೇಲಿನ ಸಾಲಿನಲ್ಲಿ ಬಿಯಾಟ್ರಿಕ್ಸ್ ಮತ್ತು ಅವರ ಪತಿ ಕ್ಲೌಸ್ ಫಾನ್ ಆಮ್ಸ್‌ಬೆರ್ಗ್ ಅವರ ಹೆಸರುಗಳನ್ನು ಬರೆಯಿರಿ. ವಿಲ್ಲೆಮ್-ಅಲೆಕ್ಸಾಂಡರ್ ಅವರ ಬಲಕ್ಕೆ ಇಬ್ಬರು ತಮ್ಮಂದಿರು ಬರುತ್ತಾರೆ. 1968ರಲ್ಲಿ ಹುಟ್ಟಿದ ಫ್ರಿಸೊ, ಆಸ್ಟ್ರಿಯಾದ ಲೆಹ್ ಎಂಬ ಊರಿನಲ್ಲಿ 2012ರ ಫೆಬ್ರುವರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಪೂರ್ಣ ಪ್ರಜ್ಞೆ ಮರಳದೆ ಮರುವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಕಿರಿಯರಾದ ಕಾನ್‌ಸ್ಟಂಟೈನ್ ಹುಟ್ಟಿದ್ದು 1969ರಲ್ಲಿ; ಅವರ ಪತ್ನಿ ಲೌರೆಂಟೀನ್; ಮಕ್ಕಳು ಎಲೊವೀಸ್, ಕ್ಲೌಸ್-ಕಾಸಿಮಿರ್ ಮತ್ತು ಲಿಯೊನೋರ್.

ಇನ್ನೂ ಒಂದು ಸಾಲು ಮೇಲೆ ಯೂಲಿಯಾನಾ ಮತ್ತು ಅವರ ಪತಿ ಬೆರ್ನ್‌ಹಾರ್ಡ್. ಇವರಿಗೆ ನಾಲ್ವರೂ ಹೆಣ್ಣುಮಕ್ಕಳು: ಬಿಯಾಟ್ರಿಕ್ಸ್ (1938), ಇರೇನೆ (1939), ಮಾರ್ಗ್ರೀತ್ (1943), ಕ್ರಿಸ್ಟಿನಾ (1947). ಮಾರ್ಗ್ರೀತ್ ಅವರ ಹುಟ್ಟೂರನ್ನು ಮರೆಯದೆ ಬರೆದುಕೊಳ್ಳಿ. ಜರ್ಮನಿ ನೆದರ್ಲೆಂಡ್ಸ್‌ ಅನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಯೂಲಿಯಾನಾ ಮಕ್ಕಳೊಂದಿಗೆ ಕೆನಡಾದಲ್ಲಿದ್ದರು. ಹುಟ್ಟುವ ಮಗು ಕೆನಡಾದ ನೆಲದ ಪೌರತ್ವ ಪಡೆಯದೆ ತಾಯಿಯ ಪೌರತ್ವವನ್ನಷ್ಟೇ ಪಡೆಯಲೆಂದು, ಒಟ್ಟಾವಾದ ಆಸ್ಪತ್ರೆಯ ಹೆರಿಗೆ ಕೋಣೆಯನ್ನು ಕೆನಡಾ ಸರ್ಕಾರ ತಾತ್ಕಾಲಿಕವಾಗಿ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಒಟ್ಟಾವಾದಲ್ಲಿ ಪ್ರತಿ ವಸಂತದಲ್ಲೂ ಅರಳುವ ಡಚ್ ಟುಲಿಪ್‌ಗಳ ಹಿಂದೆ ಈ ಆತಿಥ್ಯದ ನೆನಪಿದೆ.

ಮೆಟ್ಟಿಲು ಎಣಿಸುವುದು

ಮರ ಇಷ್ಟು ಬೆಳೆದ ಮೇಲೆ ಪೆನ್ಸಿಲು ಕೈಗೆತ್ತಿಕೊಳ್ಳಬೇಕು. ರಾಜಪದವಿಯು ಮೊದಲನೆಯ ರಾಜ ವಿಲ್ಲೆಮ್‌ನ ಕಾನೂನುಸಮ್ಮತ ವಾರಸುದಾರರಿಗೆ ವಂಶಪಾರಂಪರ್ಯವಾಗಿ ಸಲ್ಲುತ್ತದೆ ಎನ್ನುವುದು ಸಂವಿಧಾನದ 24ನೆಯ ವಿಧಿ. ಅದರ ಬೆನ್ನಿಗೇ ಬರುವ 25ನೆಯ ವಿಧಿ, ಅಧಿಕಾರ ಬಿಟ್ಟುಹೋದ ಅರಸರಿಗೆ ರಕ್ತಸಂಬಂಧದಲ್ಲಿ ಮೂರು ಮೆಟ್ಟಿಲಿಗಿಂತ ದೂರವಿರುವವರು ಉತ್ತರಾಧಿಕಾರಿಗಳಾಗಲಾರರು ಎಂದು ಬೇಲಿ ಹಾಕುತ್ತದೆ. ಈಗಿನ ಅರಸರ ಬಳಿಕ ಯಾರು ಬರಬಹುದೆಂದು ತಿಳಿಯಬೇಕಾದರೆ ಈಗಿನ ಅರಸರಿಂದಲೇ ಎಣಿಸಬೇಕು.

ಎಣಿಸುವ ವಿಧಾನ ಸುಲಭ. ಬೆರಳನ್ನು ವಿಲ್ಲೆಮ್-ಅಲೆಕ್ಸಾಂಡರ್ ಅವರ ಹೆಸರಿನ ಮೇಲಿಟ್ಟು, ಮೇಲಕ್ಕಾಗಲಿ ಕೆಳಕ್ಕಾಗಲಿ ಹೆತ್ತವರನ್ನೂ ಮಕ್ಕಳನ್ನೂ ಕೂಡಿಸುವ ಒಂದೊಂದು ಗೆರೆಯನ್ನು ದಾಟಿದಾಗಲೂ ಒಂದೊಂದು ಅಂಕೆ ಹೇಳುತ್ತಾ ಹೋಗಿ. ತಾಯಿ ಬಿಯಾಟ್ರಿಕ್ಸ್ ಎಂಬಲ್ಲಿಗೆ ಒಂದು. ಅಲ್ಲಿಂದ ಕೆಳಗಿಳಿದು ತಮ್ಮ ಕಾನ್‌ಸ್ಟಂಟೈನ್ ಎಂಬಲ್ಲಿಗೆ ಎರಡು. ಕಾನ್‌ಸ್ಟಂಟೈನ್ ಅವರ ಮಗಳು ಎಲೊವೀಸ್ ಎಂಬಲ್ಲಿಗೆ ಮೂರು. ಎಲೊವೀಸ್ ಬೇಲಿಯ ಒಳಗೇ ಇದ್ದಾರೆ. ಈಗ ಇನ್ನೊಂದು ದಾರಿ ಹಿಡಿಯಿರಿ: ಬಿಯಾಟ್ರಿಕ್ಸ್ ಒಂದು, ಅಜ್ಜಿ ಯೂಲಿಯಾನಾ ಎರಡು, ಚಿಕ್ಕಮ್ಮ ಮಾರ್ಗ್ರೀತ್ ಮೂರು. ಮಾರ್ಗ್ರೀತ್ ಕೂಡ ಒಳಗಿದ್ದಾರೆ. ಆದರೆ ಅವರ ಮಗ ಮೌರಿಟ್ಸ್ ಎಂಬಲ್ಲಿಗೆ ಬಂದರೆ ನಾಲ್ಕಾಗುತ್ತದೆ, ಅವರು ಹೊರಗೆ.

ಕನ್ನಡದಲ್ಲಿ ಯೋಚಿಸುವವರು ಎಡವುವುದು ಇಲ್ಲಿಯೇ. ಚಿಕ್ಕಮ್ಮನ ಮಕ್ಕಳು ನಮ್ಮ ಮಾತಿನಲ್ಲಿ ತಮ್ಮಂದಿರೇ. ಒಡಹುಟ್ಟಿದವರಿಗೂ ಅವರಿಗೂ ನಾವು ಬೇರೆ ಬೇರೆ ಹೆಸರಿಟ್ಟಿಲ್ಲ. ಡಚ್ ಭಾಷೆಯಲ್ಲಿ ಗೊಂದಲ ಬೇರೆ ರೀತಿಯದು: ‘ನೇಫ್’ ಎಂಬ ಒಂದೇ ಪದ ಅಣ್ಣತಮ್ಮಂದಿರ ಮಗನಿಗೂ ಚಿಕ್ಕಮ್ಮನ ಮಗನಿಗೂ ಸಲ್ಲುತ್ತದೆ. ಮೂಲದಲ್ಲಿ ಆ ಪದವನ್ನು ಕಂಡವರು ಅದನ್ನು ನೇರವಾಗಿ ಕನ್ನಡಕ್ಕೆ ತಂದರೆ, ಮೂರನೆಯ ಮೆಟ್ಟಿಲಿನವರೂ ನಾಲ್ಕನೆಯವರೂ ಕಲಸಿಹೋಗುತ್ತಾರೆ. ಸಂಬಂಧವಾಚಕ ಪದವನ್ನು ನೆಚ್ಚಿಕೊಳ್ಳದೆ ಯಾರು ಯಾರ ಮಗ ಎಂಬುದನ್ನು ಗೆರೆಯ ಮೇಲೆ ನೋಡಿಯೇ ನಿರ್ಧರಿಸುವುದು ಕ್ಷೇಮ.

ಅಂಕೆಗಳನ್ನು ಹಾಕಿದ ಮೇಲೆ ಸರದಿಯನ್ನು ಕಟ್ಟಬೇಕು. ಮೊದಲು ಅರಸರ ಸ್ವಂತ ಸಂತತಿ, ಆಮೇಲೆ ಅವರ ಹೆತ್ತವರಲ್ಲಿ ರಾಜಪದವಿ ಬಂದ ಕಡೆಯ ಸಂತತಿ, ಆಮೇಲೆ ಅಜ್ಜಿಯ ಸಂತತಿ. ಪ್ರತಿ ಮನೆಯಲ್ಲೂ ಹಿರಿತನವೇ ಲೆಕ್ಕ. 1983ರ ಸಂವಿಧಾನ ಪರಿಷ್ಕರಣೆಯವರೆಗೆ ಗಂಡುಮಕ್ಕಳಿಗೆ ಆದ್ಯತೆಯಿತ್ತು. ಅಂದಿನಿಂದ ಗಂಡು-ಹೆಣ್ಣೆಂಬ ಭೇದವಿಲ್ಲ. ಅರಸರಿಗೆ ಮೂವರೂ ಹೆಣ್ಣುಮಕ್ಕಳಾದ್ದರಿಂದ ಈ ಬದಲಾವಣೆಯ ಪರಿಣಾಮ ಅವರ ಮನೆಯಲ್ಲಿ ಕಾಣುವುದಿಲ್ಲ. ಅದು ಕಾಣುವುದು ತಮ್ಮನ ಮನೆಯಲ್ಲಿ. 2002ರಲ್ಲಿ ಹುಟ್ಟಿದ ಎಲೊವೀಸ್, 2004ರಲ್ಲಿ ಹುಟ್ಟಿದ ಕ್ಲೌಸ್-ಕಾಸಿಮಿರ್‌ಗಿಂತ ಮುಂದಿದ್ದಾರೆ. ಹಳೆಯ ನಿಯಮವೇ ಇದ್ದಿದ್ದರೆ ಅಕ್ಕ ತಮ್ಮನ ಹಿಂದೆ ನಿಲ್ಲಬೇಕಾಗಿತ್ತು. ಹೀಗೆ ಸರದಿ ಅಮಾಲಿಯಾ, ಅಲೆಕ್ಸಿಯಾ, ಅರಿಯಾನೆ, ಕಾನ್‌ಸ್ಟಂಟೈನ್, ಎಲೊವೀಸ್, ಕ್ಲೌಸ್-ಕಾಸಿಮಿರ್, ಲಿಯೊನೋರ್, ಮಾರ್ಗ್ರೀತ್ ಎಂದು ಎಂಟನೆಯವರಿಗೆ ಮುಗಿಯುತ್ತದೆ. ಬಿಯಾಟ್ರಿಕ್ಸ್ ಮೊದಲನೆಯ ಮೆಟ್ಟಿಲಿನಲ್ಲೇ ಇದ್ದರೂ ಪದತ್ಯಾಗ ಮಾಡಿದವರಾದ್ದರಿಂದ ಅವರಿಗೆ ಸರದಿಯಲ್ಲಿ ಸ್ಥಾನವಿಲ್ಲ.

ಕೆಂಪು ಗುರುತು ಎಲ್ಲಿ ಹಾಕಬೇಕು

ಲೆಕ್ಕ ತಾಳೆಯಾದರೂ ಕೆಲವು ಹೆಸರುಗಳು ಸರದಿಯಲ್ಲಿಲ್ಲದಿರುವುದನ್ನು ನೀವು ಗಮನಿಸಿರಬಹುದು. ಮಾರ್ಗ್ರೀತ್ ಇದ್ದಾರೆ, ಅವರಿಗಿಂತ ಹಿರಿಯರಾದ ಇರೇನೆ ಇಲ್ಲ. ಕಾನ್‌ಸ್ಟಂಟೈನ್ ಅವರ ಮಕ್ಕಳಿದ್ದಾರೆ, ಫ್ರಿಸೊ ಅವರ ಹೆಣ್ಣುಮಕ್ಕಳಾದ ಲುವಾನಾ ಮತ್ತು ಝಾರಿಯಾ ಇಲ್ಲ. ಇದಕ್ಕೆ ಕಾರಣ 28ನೆಯ ವಿಧಿ. ಸರದಿಯಲ್ಲಿರುವವರು ಮದುವೆಯಾಗಬೇಕಾದರೆ ಸಂಸತ್ತು ಕಾಯ್ದೆಯ ಮೂಲಕ ಒಪ್ಪಿಗೆ ಕೊಡಬೇಕು, ಮತ್ತು ಎರಡೂ ಸದನಗಳು ಒಟ್ಟಾಗಿ ಕೂತು ಆ ಮಸೂದೆಯನ್ನು ಪರಿಶೀಲಿಸಬೇಕು. ಒಪ್ಪಿಗೆಯಿಲ್ಲದೆ ಮದುವೆಯಾದವರೂ ಆ ಮದುವೆಯಿಂದ ಹುಟ್ಟಿದ ಮಕ್ಕಳೂ ಹಕ್ಕು ಕಳೆದುಕೊಳ್ಳುತ್ತಾರೆ. ಅರಸರೇ ಹಾಗೆ ಮಾಡಿದರೆ ರಾಜಪದವಿಯನ್ನೇ ಬಿಟ್ಟಂತಾಗುತ್ತದೆ.

ಆದ್ದರಿಂದ ಪ್ರತಿಯೊಂದು ಮದುವೆಯ ಗೆರೆಯನ್ನು ಎಳೆಯುವಾಗಲೂ ಒಪ್ಪಿಗೆ ಇತ್ತೇ ಎಂದು ಕೇಳಿಕೊಳ್ಳಬೇಕು. ಇರೇನೆ 1964ರಲ್ಲಿ, ಕ್ಯಾಥೊಲಿಕ್ ಪಂಥವನ್ನು ಸ್ವೀಕರಿಸಿದ ಬಳಿಕ, ಸ್ಪೇನ್ ಸಿಂಹಾಸನದ ಮೇಲೆ ಹಕ್ಕು ಸಾಧಿಸುತ್ತಿದ್ದ ಬೂರ್ಬೊನ್-ಪಾರ್ಮಾ ಮನೆತನದ ಕಾರ್ಲೊಸ್ ಹೂಗೊ ಅವರನ್ನು ರೋಮ್‌ನಲ್ಲಿ ಮದುವೆಯಾದರು. ಸಂಸತ್ತಿನ ಒಪ್ಪಿಗೆ ಇರಲಿಲ್ಲ. ಕ್ರಿಸ್ಟಿನಾ 1975ರಲ್ಲಿ ಒಪ್ಪಿಗೆ ಕೇಳದೆಯೇ ಮದುವೆಯಾದರು. ಫ್ರಿಸೊ ಮತ್ತು ಮಾಬೆಲ್ ಅವರ 2004ರ ಮದುವೆಗೆ, ಮಾಬೆಲ್ ಅವರ ಹಿಂದಿನ ಪರಿಚಯಗಳ ಬಗ್ಗೆ ಜೋಡಿ ನೀಡಿದ್ದ ಮಾಹಿತಿ ಪೂರ್ಣವಾಗಿರಲಿಲ್ಲವೆಂಬ ಕಾರಣಕ್ಕೆ ಸರ್ಕಾರ ಮಸೂದೆ ಮಂಡಿಸಲು ಮುಂದಾಗಲಿಲ್ಲ. ಈ ಮೂರೂ ಗೆರೆಗಳ ಮೇಲೆ ಕೆಂಪು ಅಡ್ಡಗೀಟು ಬರಬೇಕು. ಇದು ದಂಡನೆಯೆಂದು ಓದುಗರು ಭಾವಿಸಬಾರದು. ಫ್ರಿಸೊ ಅರಸರ ತಮ್ಮನಾಗಿಯೇ ಉಳಿದರು, ಸರದಿಯಿಂದ ಮಾತ್ರ ಹೊರಗಾದರು.

ಮೆಟ್ಟಿಲು, ಒಪ್ಪಿಗೆ ಎಂಬ ಈ ಎರಡು ಜರಡಿಗಳನ್ನು ಒಟ್ಟಿಗೆ ನೋಡಬೇಕಾದರೆ ಮಾರ್ಗ್ರೀತ್ ಮತ್ತು ಪೀಟರ್ ಫಾನ್ ವೊಲೆನ್‌ಹೋವೆನ್ ಅವರ ನಾಲ್ವರು ಗಂಡುಮಕ್ಕಳ ಸಾಲಿಗಿಂತ ಒಳ್ಳೆಯ ಉದಾಹರಣೆ ಬೇರೆ ಸಿಗದು. ಹಿರಿಯರಾದ ಮೌರಿಟ್ಸ್ ಮತ್ತು ಬೆರ್ನ್‌ಹಾರ್ಡ್ ಒಪ್ಪಿಗೆ ಪಡೆದೇ ಮದುವೆಯಾದರು. ಕಿರಿಯರಾದ ಪೀಟರ್-ಕ್ರಿಸ್ಟಿಯಾನ್ ಮತ್ತು ಫ್ಲೋರಿಸ್ 2005ರಲ್ಲಿ ಒಪ್ಪಿಗೆ ಕೇಳದೆ ಮದುವೆಯಾಗಿ ಆಗಲೇ ಸರದಿಯಿಂದ ಹೊರಬಿದ್ದರು. ಬಿಯಾಟ್ರಿಕ್ಸ್ ಆಳುತ್ತಿರುವವರೆಗೆ ಮೌರಿಟ್ಸ್ ಅರಸರ ತಂಗಿಯ ಮಗ, ಅಂದರೆ ಮೂರನೆಯ ಮೆಟ್ಟಿಲು. 30 ಏಪ್ರಿಲ್ 2013ರ ಬೆಳಿಗ್ಗೆ ಆಮ್‌ಸ್ಟರ್‌ಡ್ಯಾಮ್‌ನ ಡಾಮ್ ಚೌಕದ ಅರಮನೆಯಲ್ಲಿ ಬಿಯಾಟ್ರಿಕ್ಸ್ ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದೊಡನೆ ಅಳತೆ ವಿಲ್ಲೆಮ್-ಅಲೆಕ್ಸಾಂಡರ್ ಅವರಿಂದ ಶುರುವಾಯಿತು, ಮತ್ತು ಒಪ್ಪಿಗೆ ಪಡೆದ ಆ ಇಬ್ಬರು ಅಣ್ಣಂದಿರೂ ನಾಲ್ಕನೆಯ ಮೆಟ್ಟಿಲಿಗೆ ಸರಿದು ಹೊರಗಾದರು. ಯಾರೂ ಸತ್ತಿರಲಿಲ್ಲ, ಯಾರೂ ತಪ್ಪು ಮಾಡಿರಲಿಲ್ಲ.

ರಾಜಗೃಹ ಮತ್ತು ರಾಜಕುಟುಂಬ

ಈ ಎರಡೂ ಒಂದೇ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ, ಒಂದೇ ಅಲ್ಲ. ರಾಜಕುಟುಂಬ ಎಂದರೆ ನೆಂಟರಿಷ್ಟರೆಲ್ಲ ಸೇರಿದ ದೊಡ್ಡ ಬಳಗ. ರಾಜಗೃಹ ಎಂಬುದು 2002ರ ಕಾಯ್ದೆಯೊಂದು ನಿಗದಿಪಡಿಸಿದ ಸಣ್ಣ ಪಟ್ಟಿ. ಅರಸರು, ಪದತ್ಯಾಗ ಮಾಡಿದವರು, ಸರದಿಯಲ್ಲಿರುವ ಎರಡನೆಯ ಮೆಟ್ಟಿಲಿನವರೆಗಿನವರು, ಇವರ ಸಂಗಾತಿಗಳು ಅದರಲ್ಲಿ ಬರುತ್ತಾರೆ. ಈಗಿನ ಲೆಕ್ಕದಲ್ಲಿ ಹತ್ತು ಮಂದಿ: ಅರಸರು, ಮಾಕ್ಸಿಮಾ, ಮೂವರು ಮಕ್ಕಳು, ಬಿಯಾಟ್ರಿಕ್ಸ್, ಕಾನ್‌ಸ್ಟಂಟೈನ್ ದಂಪತಿ, ಮಾರ್ಗ್ರೀತ್ ದಂಪತಿ. ಮಾರ್ಗ್ರೀತ್ ಮೂರನೆಯ ಮೆಟ್ಟಿಲಿನವರಾದರೂ ಅವರ ಸದಸ್ಯತ್ವವನ್ನು ಉಳಿಸಿಕೊಡಲಾಗಿದೆ. ಕಾನ್‌ಸ್ಟಂಟೈನ್ ಅವರ ಮಕ್ಕಳು ಸರದಿಯಲ್ಲಿದ್ದೂ ರಾಜಗೃಹದಲ್ಲಿಲ್ಲ. ಹತ್ತು ಹೆಸರುಗಳ ಸುತ್ತ ಪೆನ್ಸಿಲಿನಲ್ಲಿ ಒಂದು ಚೌಕಟ್ಟು ಎಳೆದರೆ ಸಾಕು.

ಮೇಲಕ್ಕೆ ಹತ್ತುವಾಗ

ಯೂಲಿಯಾನಾ ಅವರಿಂದ ಮೇಲಕ್ಕೆ ಮರ ಬಹಳ ತೆಳುವಾಗುತ್ತದೆ. ಅವರು (1909–2004) ರಾಣಿ ವಿಲ್ಹೆಲ್ಮಿನಾ ಮತ್ತು ಮೆಕ್ಲೆನ್‌ಬುರ್ಗ್‌ನ ಹೆಂಡ್ರಿಕ್ ಅವರ ಒಬ್ಬಳೇ ಮಗಳು. ವಿಲ್ಹೆಲ್ಮಿನಾ (1880–1962), ಮೂರನೆಯ ರಾಜ ವಿಲ್ಲೆಮ್‌ನ ಎರಡನೆಯ ಮದುವೆಯ ಒಬ್ಬಳೇ ಮಗಳು. ಆ ರಾಜನಿಗೆ ವ್ಯುರ್ಟೆಂಬೆರ್ಗ್‌ನ ಸೋಫಿಯಿಂದ ಮೂವರು ಗಂಡುಮಕ್ಕಳಿದ್ದರು. ಮೌರಿಟ್ಸ್ ಬಾಲ್ಯದಲ್ಲೇ, 1850ರಲ್ಲಿ, ತೀರಿಕೊಂಡ. ವಿಲ್ಲೆಮ್ 1879ರಲ್ಲಿ, ಅಲೆಕ್ಸಾಂಡರ್ 1884ರಲ್ಲಿ ಮದುವೆಯಿಲ್ಲದೆ, ಮಕ್ಕಳಿಲ್ಲದೆ ಸತ್ತರು. ವಯಸ್ಸಾದ ರಾಜ 1879ರಲ್ಲಿ ಇಪ್ಪತ್ತರ ಹರೆಯದ ಎಮ್ಮಾಳನ್ನು ಮದುವೆಯಾಗಿರದಿದ್ದರೆ ಈ ಮರವೇ ಇಲ್ಲಿ ನಿಲ್ಲುತ್ತಿತ್ತು. 1890ರಲ್ಲಿ ಅವನು ಸತ್ತಾಗ ಮಗಳಿಗೆ ಹತ್ತು ವರ್ಷ. 1898ರಲ್ಲಿ ಅವಳಿಗೆ ಹದಿನೆಂಟು ತುಂಬುವವರೆಗೆ ತಾಯಿ ಎಮ್ಮಾ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದಳು.

ಅದೇ 1890ರಲ್ಲಿ ಮರದ ಬದಿಯಿಂದ ಒಂದು ಕೊಂಬೆ ಬೇರೆಯಾಯಿತು. ಅಲ್ಲಿಯವರೆಗೆ ಡಚ್ ರಾಜನೇ ಲಕ್ಸೆಂಬರ್ಗ್‌ನ ಗ್ರ್ಯಾಂಡ್ ಡ್ಯೂಕ್ ಕೂಡ ಆಗಿದ್ದ. ಆದರೆ ಲಕ್ಸೆಂಬರ್ಗ್‌ನ ಉತ್ತರಾಧಿಕಾರವು ನಸ್ಸೌ ಮನೆತನದ ಹಳೆಯ ಒಪ್ಪಂದಕ್ಕೆ ಬದ್ಧವಾಗಿತ್ತು; ಆ ಒಪ್ಪಂದ ಗಂಡುಸಂತತಿಯನ್ನೇ ಮುಂದಿಡುತ್ತಿತ್ತು. ಹೀಗಾಗಿ ಹೇಗ್‌ನಲ್ಲಿ ಹುಡುಗಿ ರಾಣಿಯಾದಳು, ಲಕ್ಸೆಂಬರ್ಗ್ ಮಾತ್ರ ದೂರದ ದಾಯಾದಿ ಆಡಾಲ್ಫ್‌ನ ಪಾಲಾಯಿತು.

ಮೂರನೆಯ ವಿಲ್ಲೆಮ್‌ನ ಮೇಲೆ ಎರಡನೆಯ ವಿಲ್ಲೆಮ್ (ಆಳ್ವಿಕೆ 1840–1849) ಮತ್ತು ರಷ್ಯಾದ ಆನ್ನಾ ಪಾವ್ಲೊವ್ನಾ; ಅವರ ಮೇಲೆ ಮೊದಲನೆಯ ವಿಲ್ಲೆಮ್. ಈತ 1813ರ ನವೆಂಬರ್ ಕೊನೆಯ ದಿನ ಸ್ಖೆವನಿಂಗನ್ ಕಡಲತೀರದಲ್ಲಿ ಬಂದಿಳಿದು, 1815ರಲ್ಲಿ ರಾಜನೆನಿಸಿ, 1840ರಲ್ಲಿ ಪದತ್ಯಾಗ ಮಾಡಿದ. ಸಂವಿಧಾನ ಹೇಳುವ ಮೂಲಪುರುಷ ಇವನೇ. ಇವನಿಗಿಂತ ಮುಂಚೆ 1806ರಿಂದ 1810ರವರೆಗೆ ಹಾಲೆಂಡಿನ ರಾಜನಾಗಿದ್ದ ಲೂಯಿ ಬೋನಪಾರ್ಟೆ ನೆಪೋಲಿಯನ್ನನ ತಮ್ಮ. ಅವನಿಗೆ ಈ ಹಾಳೆಯಲ್ಲಿ ಜಾಗವಿಲ್ಲ.

ರಾಜರಿಗಿಂತ ಮುಂಚಿನವರು ಸ್ಟಾಡ್‌ಹೌಡರ್‌ಗಳು, ಅಂದರೆ ಡಚ್ ಗಣರಾಜ್ಯದ ಪ್ರಾಂತ್ಯಗಳು ನೇಮಿಸಿದ ಮುಖ್ಯಾಧಿಕಾರಿಗಳು. ಇವರಿಗೆ ಬೇರೆಯೇ ಎಣಿಕೆಯಿದೆ, ಮತ್ತು ಇಲ್ಲಿ ಅತಿ ಹೆಚ್ಚು ಎಚ್ಚರ ಬೇಕು. ‘ಮೂರನೆಯ ವಿಲ್ಲೆಮ್’ ಎಂದಷ್ಟೇ ಬರೆದರೆ, 1689ರಲ್ಲಿ ಇಂಗ್ಲೆಂಡಿನ ರಾಜನಾದ ಸ್ಟಾಡ್‌ಹೌಡರನೋ 1890ರಲ್ಲಿ ಸತ್ತ ರಾಜನೋ ತಿಳಿಯದು. ಹೆಸರಿನ ಹಿಂದೆ ‘ರಾಜ’ ಅಥವಾ ‘ಸ್ಟಾಡ್‌ಹೌಡರ್’ ಎಂಬ ಪದವನ್ನೂ ಮುಂದೆ ಇಸವಿಯನ್ನೂ ಸೇರಿಸದೆ ಯಾವ ವಿಲ್ಲೆಮ್‌ನನ್ನೂ ಹಾಳೆಗೆ ಇಳಿಸಬೇಡಿ. ಈಗಿನ ಅರಸರು ನಾಲ್ಕನೆಯ ವಿಲ್ಲೆಮ್ ಎನಿಸಿಕೊಳ್ಳಲು ಒಪ್ಪದೆ ಜೋಡಿ ಹೆಸರನ್ನೇ ಉಳಿಸಿಕೊಂಡರು. ಹೊಲದಲ್ಲಿ ಮೇಯುವ ಹಸುಗಳಿಗೆ ಅಂಕೆ ಹಾಕಿ ಕರೆಯುವುದನ್ನು ನೆನಪಿಸಿ ಅವರು ಅದನ್ನು ನಗೆಯಲ್ಲೇ ತಳ್ಳಿಹಾಕಿದ್ದುಂಟು.

ಬೇರು ಎಂದು ಎಲ್ಲರೂ ಹೇಳುವುದು ಸ್ಪೇನ್ ವಿರುದ್ಧದ ಬಂಡಾಯದ ನಾಯಕ ಆರೆಂಜ್‌ನ ವಿಲ್ಲೆಮ್‌ನನ್ನು (1533–1584). ಫ್ರಾನ್ಸಿನ ದಕ್ಷಿಣದ ಆರೆಂಜ್ ಸಂಸ್ಥಾನ ಅವನಿಗೆ ಹನ್ನೊಂದರ ವಯಸ್ಸಿನಲ್ಲಿ, ದಾಯಾದಿ ರೆನೆಯ ಮರಣದಿಂದ ಬಂತು. ನಸ್ಸೌ ಎಂಬುದು ಅವನ ತಂದೆಯ ಮನೆ. ಅವನು ಡೆಲ್ಫ್ಟ್ ಊರಿನಲ್ಲಿ ಗುಂಡೇಟಿಗೆ ಬಲಿಯಾದ. ಅಲ್ಲಿನ ಹೊಸ ಇಗರ್ಜಿಯಲ್ಲಿ ಅವನ ಸಮಾಧಿಯಿದೆ, ರಾಜಮನೆತನದ ನೆಲಮಾಳಿಗೆಯೂ ಅಲ್ಲೇ ಇದೆ. ಆದರೆ ಇಂದಿನ ಅರಸರಿಗೆ ಅವನಿಂದ ನೇರ ಗೆರೆ ಎಳೆಯುವವರು ತಪ್ಪು ಮಾಡುತ್ತಾರೆ. ಅವನ ಮಗ ಫ್ರೆಡೆರಿಕ್ ಹೆಂಡ್ರಿಕ್, ಮೊಮ್ಮಗ ಸ್ಟಾಡ್‌ಹೌಡರ್ ಎರಡನೆಯ ವಿಲ್ಲೆಮ್, ಮರಿಮಗ ಸ್ಟಾಡ್‌ಹೌಡರ್ ಮೂರನೆಯ ವಿಲ್ಲೆಮ್ ಎಂಬ ಎಳೆ 1702ರಲ್ಲಿ ಮಕ್ಕಳಿಲ್ಲದೆ ಮುಗಿಯಿತು. ಆಮೇಲೆ ಬಂದವನು ಯೊಹಾನ್ ವಿಲ್ಲೆಮ್ ಫ್ರಿಸೊ. ಈತನಿಗೆ ಎರಡು ಗೆರೆ ಬೇಕು: ತಂದೆಯ ಕಡೆಯಿಂದ ಅವನು ಆರೆಂಜ್‌ನ ವಿಲ್ಲೆಮ್‌ನ ತಮ್ಮ ಯಾನ್‌ನ ವಂಶದವನು, ಅಜ್ಜಿ ಆಲ್ಬರ್ಟಿನೆ ಆಗ್ನೆಸ್ ಫ್ರೆಡೆರಿಕ್ ಹೆಂಡ್ರಿಕ್‌ನ ಮಗಳಾದ್ದರಿಂದ ಆ ಮೂಲಕ ವಿಲ್ಲೆಮ್‌ನ ರಕ್ತವೂ ಅವನಲ್ಲಿದೆ. ಗಂಡುಸಂತತಿಗೆ ಇಡೀ ಗೆರೆ, ಹೆಣ್ಣಿನ ಮೂಲಕ ಬಂದ ಸಂಬಂಧಕ್ಕೆ ಚುಕ್ಕಿಗೆರೆ ಹಾಕಿದರೆ ಚಿತ್ರ ತಿಳಿಯಾಗುತ್ತದೆ. ಆರೆಂಜ್ ಸಂಸ್ಥಾನವಾದರೋ 1713ರಲ್ಲಿ ಫ್ರಾನ್ಸಿಗೆ ಸೇರಿಹೋಯಿತು. ಬಿರುದು ಮಾತ್ರ ಉಳಿಯಿತು.

ಫ್ರಿಸೊ 1711ರ ಜುಲೈನಲ್ಲಿ, ಆಸ್ತಿಯ ತಕರಾರನ್ನು ಪ್ರಷ್ಯಾದ ರಾಜನೊಂದಿಗೆ ಬಗೆಹರಿಸಿಕೊಳ್ಳಲು ಹೇಗ್‌ಗೆ ಹೊರಟವನು, ಮೂರ್ಡೈಕ್ ಬಳಿ ದೋಣಿ ಮಗುಚಿ ಮುಳುಗಿ ಸತ್ತ. ಆರೇಳು ವಾರಗಳ ಬಳಿಕ ಹುಟ್ಟಿದ ಅವನ ಮಗನೇ ಸ್ಟಾಡ್‌ಹೌಡರ್ ನಾಲ್ಕನೆಯ ವಿಲ್ಲೆಮ್. ಇಂಗ್ಲೆಂಡಿನ ರಾಜನಾದ ವಿಲ್ಲೆಮ್ ಕೂಡ ತಂದೆ ಸತ್ತ ಎಂಟು ದಿನಕ್ಕೆ ಹುಟ್ಟಿದವನು. ಇಂದಿನ ಸಂವಿಧಾನದ 26ನೆಯ ವಿಧಿ, ಅರಸರು ತೀರಿಕೊಂಡಾಗ ಗರ್ಭದಲ್ಲಿರುವ ಶಿಶುವನ್ನು ಹುಟ್ಟಿದ್ದೆಂದೇ ಪರಿಗಣಿಸುತ್ತದೆ. ನಾಲ್ಕನೆಯ ವಿಲ್ಲೆಮ್‌ನ ಮಗ ಐದನೆಯ ವಿಲ್ಲೆಮ್ 1795ರಲ್ಲಿ ಇಂಗ್ಲೆಂಡಿಗೆ ಓಡಿಹೋದ. ಅವನ ಮಗನೇ ಸ್ಖೆವನಿಂಗನ್‌ನಲ್ಲಿ ಬಂದಿಳಿದ ಮೊದಲನೆಯ ರಾಜ. ಎರಡು ಎಣಿಕೆಗಳೂ ಇಲ್ಲಿ ಕೂಡಿಕೊಳ್ಳುತ್ತವೆ.

ಬಿರುದುಗಳನ್ನು ಕನ್ನಡದಲ್ಲಿ ಬರೆಯುವಾಗ

‘ರಾಣಿ’ ಎಂಬ ಪದ ಎರಡು ಅರ್ಥ ಕೊಡುತ್ತದೆ. ವಿಲ್ಹೆಲ್ಮಿನಾ, ಯೂಲಿಯಾನಾ, ಬಿಯಾಟ್ರಿಕ್ಸ್ ಆಳಿದ ರಾಣಿಯರು. ಎಮ್ಮಾ, ಮಾಕ್ಸಿಮಾ ಅರಸರ ಪತ್ನಿಯರು. ಡಚ್ ಸಂವಿಧಾನ ಆಳುವವರು ಹೆಣ್ಣಾದರೂ ‘ರಾಜ’ ಎಂಬ ಪದವನ್ನೇ ಬಳಸುತ್ತದೆ. ಪದತ್ಯಾಗ ಮಾಡಿದ ರಾಣಿ ಮತ್ತೆ ರಾಜಕುಮಾರಿ ಎನಿಸಿಕೊಳ್ಳುತ್ತಾರೆ. ಬಿಯಾಟ್ರಿಕ್ಸ್ ಅವರನ್ನು ‘ರಾಜಮಾತೆ’ ಎನ್ನುವುದು ನಮ್ಮ ಅಭ್ಯಾಸಬಲ. ‘ಪಟ್ಟಾಭಿಷೇಕ’ ಎಂಬುದೂ ಸಲ್ಲದು, ಏಕೆಂದರೆ ಆಮ್‌ಸ್ಟರ್‌ಡ್ಯಾಮ್‌ನ ಹೊಸ ಇಗರ್ಜಿಯಲ್ಲಿ ಕಿರೀಟವನ್ನು ಮೇಜಿನ ಮೇಲೆ ಇಟ್ಟಿರುತ್ತಾರೆಯೇ ಹೊರತು ಯಾರ ತಲೆಯ ಮೇಲೂ ಇಡುವುದಿಲ್ಲ. ಅರಸರು ಸಂಸತ್ತಿನೆದುರು ಪ್ರಮಾಣ ಮಾಡುತ್ತಾರೆ, ‘ಪದಗ್ರಹಣ’ವೇ ಸರಿ. ‘ಆರೆಂಜ್‌ನ ರಾಜಕುಮಾರಿ’ ಎಂಬುದು ಉತ್ತರಾಧಿಕಾರಿಗೆ ಮೀಸಲಾದ ಬಿರುದು. ಈಗ ಅಮಾಲಿಯಾ ಒಬ್ಬರಿಗೇ ಸಲ್ಲುತ್ತದೆ, ತಂಗಿಯರಿಗಲ್ಲ. ಹೆಸರುಗಳಲ್ಲಿ ಬರುವ ಜೆ ಅಕ್ಷರವನ್ನು ಡಚ್ಚರು ‘ಯ’ ಎಂದು ಉಚ್ಚರಿಸುತ್ತಾರೆ. ಯೂಲಿಯಾನಾ ಎಂದು ಒಮ್ಮೆ ಬರೆದವರು ಯೊಹಾನ್, ಯಾನ್ ಎಂದೇ ಮುಂದುವರಿಸಬೇಕು.

ಹಾಳೆ ತುಂಬಿದ ಮೇಲೆ ಕೊನೆಯದಾಗಿ ಒಂದು ಪರೀಕ್ಷೆ ಮಾಡಿನೋಡಿ. ಬೆರಳನ್ನು ವಿಲ್ಲೆಮ್-ಅಲೆಕ್ಸಾಂಡರ್ ಅವರ ಹೆಸರಿನಿಂದ ಎತ್ತಿ ಅಮಾಲಿಯಾ ಅವರ ಹೆಸರಿನ ಮೇಲಿಡಿ, ಅವರೇ ಅರಸರಾದರು ಎಂದುಕೊಂಡು ಮತ್ತೆ ಎಣಿಸಿ. ತಂದೆ ಒಂದು, ತಂಗಿಯರಾದ ಅಲೆಕ್ಸಿಯಾ ಮತ್ತು ಅರಿಯಾನೆ ಎರಡು. ಅಜ್ಜಿ ಬಿಯಾಟ್ರಿಕ್ಸ್ ಎರಡು, ಚಿಕ್ಕಪ್ಪ ಕಾನ್‌ಸ್ಟಂಟೈನ್ ಮೂರು. ಮುತ್ತಜ್ಜಿ ಯೂಲಿಯಾನಾ ಮೂರು, ಆದ್ದರಿಂದ ಮಾರ್ಗ್ರೀತ್ ನಾಲ್ಕು. ಎಲೊವೀಸ್, ಕ್ಲೌಸ್-ಕಾಸಿಮಿರ್, ಲಿಯೊನೋರ್ ಅವರ ಹೆಸರುಗಳ ಪಕ್ಕದ 3ನ್ನು ಅಳಿಸಿ 4 ಎಂದು ಬರೆಯಿರಿ.